ಮೆಲ್ ಬ್ಲಾಂಕ್ ಅವರನ್ನು ನಟ ಎನ್ನಬೇಕೋ, ಮಿಮಿಕ್ರಿ ಕಲಾವಿದ ಎನ್ನಬೇಕೋ?

ಸಂಜೆಮಲ್ಲಿಗೆ:
ನಿನ್ನೆ ರಾತ್ರಿ ಊಟದ ಹೊತ್ತಿಗೆ ನಮ್ಮ ಮನೆಯಲ್ಲಿ ಶುರುವಾದ ವಾದ ಇನ್ನೂ ಮುಗಿದಿಲ್ಲವಾದ್ದರಿಂದ ಇಲ್ಲಿಗೆ ತಂದಿದ್ದೇನೆ. ಎಂಟು ವರ್ಷದ ಮಗಳು ಹಳೆಯ ಬಗ್ಸ್ ಬನ್ನಿ ಕಾರ್ಟೂನುಗಳನ್ನು ನೋಡುತ್ತಿದ್ದಳು. ಆ ಮೊಲ, ಆ ಕರಿ ಬಾತುಕೋಳಿ, ತೊದಲುವ ಹಂದಿ, ಹಳದಿ ಹಕ್ಕಿ, ಅದನ್ನು ಹಿಡಿಯಲು ಹೊಂಚು ಹಾಕುವ ಬೆಕ್ಕು, ಇಷ್ಟಕ್ಕೂ ದನಿ ಕೊಟ್ಟವರು ಮೆಲ್ ಬ್ಲಾಂಕ್ ಎಂಬ ಒಬ್ಬರೇ ವ್ಯಕ್ತಿ ಎಂದು ಹೇಳಿದೆ. ಅವಳು ನಂಬಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ನಮ್ಮ ಭಾವ ನಂಬಿದರು, ಆದರೆ ಒಪ್ಪಲಿಲ್ಲ. ಅವರು ಇಪ್ಪತ್ತು ವರ್ಷ ಹವ್ಯಾಸಿ ರಂಗಭೂಮಿಯಲ್ಲಿ ಪಾತ್ರ ಮಾಡಿದವರು. ಕಣ್ಣು, ಕೈ, ನಡಿಗೆ, ನಿಲುವು ಯಾವುದೂ ಇಲ್ಲದೆ ಗಂಟಲನ್ನು ಮಾತ್ರ ಬದಲಿಸುವುದು ಮಿಮಿಕ್ರಿ ಆಗುತ್ತದೆಯೇ ಹೊರತು ಅಭಿನಯವಾಗುವುದಿಲ್ಲ ಎಂಬುದು ಅವರ ವಾದ.

ನನಗೆ ಅದು ತಪ್ಪು ಅನಿಸುತ್ತದೆ, ಆದರೆ ಏಕೆ ತಪ್ಪು ಎಂದು ಸರಿಯಾಗಿ ಹೇಳಲು ಬರಲಿಲ್ಲ. ಬ್ಲಾಂಕ್ ಅವರ ವೃತ್ತಿಜೀವನವನ್ನು ಬಲ್ಲವರು ದಯವಿಟ್ಟು ಹೇಳಿ. ಭಾವ ಭಾನುವಾರದವರೆಗೆ ಇಲ್ಲೇ ಇರುತ್ತಾರೆ.

ಹಳೇ ರೇಡಿಯೊ:
ಕಾರ್ಟೂನಿನಿಂದ ಆರಂಭಿಸಿದರೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಬ್ಲಾಂಕ್ ಮೊದಲು ರೇಡಿಯೊದ ಹಾಸ್ಯನಟ. 1908ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿ, ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಬೆಳೆದು, 1927ರಲ್ಲಿ, ಅಂದರೆ ಇನ್ನೂ ಹತ್ತೊಂಬತ್ತರ ಹರೆಯದಲ್ಲಿ, ಅಲ್ಲಿನ ಬಾನುಲಿ ಕೇಂದ್ರದಲ್ಲಿ ದನಿ ಕೊಡಲು ತೊಡಗಿದವರು. ಕಾರ್ಟೂನ್ ಸ್ಟುಡಿಯೊ ಅವರನ್ನು ಸೇರಿಸಿಕೊಂಡದ್ದು ಅದಾಗಿ ಸುಮಾರು ಹತ್ತು ವರ್ಷಗಳ ಮೇಲೆ. ಆ ಕಾಲದ ರೇಡಿಯೊ ನೇರ ಪ್ರಸಾರವಾಗಿತ್ತು. ತಪ್ಪಿದರೆ ತಿದ್ದಲು ಅವಕಾಶವಿಲ್ಲ, ಎದುರಿಗೆ ಸಭಿಕರು, ಕೈಯಲ್ಲಿ ಕಾಗದ.

ಜ್ಯಾಕ್ ಬೆನ್ನಿ ಅವರ ಹಾಸ್ಯ ಕಾರ್ಯಕ್ರಮದಲ್ಲಿ ನಡೆದ ಒಂದು ಸಂಗತಿಯನ್ನು ನಿಮ್ಮ ಭಾವನವರಿಗೆ ಹೇಳಿ. ಬೆನ್ನಿಯ ಪಾತ್ರ ಕಡು ಜಿಪುಣ. ಅವನಲ್ಲಿ ಮ್ಯಾಕ್ಸ್‌ವೆಲ್ ಎಂಬ ಓಬೀರಾಯನ ಕಾಲದ ಕಾರು. ಅದು ಚಾಲೂ ಆಗುವ ಸದ್ದನ್ನು ಧ್ವನಿಮುದ್ರಿಕೆಯಿಂದ ಹಾಕಬೇಕಿತ್ತು. ಪ್ರಸಾರದ ಹೊತ್ತಿಗೆ ಅದು ಕೈಕೊಟ್ಟಿತು. ಬ್ಲಾಂಕ್ ಮೈಕಿನ ಮುಂದೆ ನುಗ್ಗಿ, ಬಾಯಿಯಿಂದಲೇ ಆ ಕಾರನ್ನು ಕೆಮ್ಮಿಸಿ, ಉಬ್ಬಸ ಬರಿಸಿ, ನಡುನಡುವೆ ಸೀನಿಸಿ, ಇನ್ನೇನು ಹೊರಟಿತು ಎನ್ನುವಷ್ಟರಲ್ಲಿ ಪ್ರಾಣ ಬಿಡುವಂತೆ ಮಾಡಿದರು. ಮುಂದೆ ಆ ಕಾರು ಅವರದ್ದೇ ಕಾಯಂ ಪಾತ್ರವಾಯಿತು. ಮಿಮಿಕ್ರಿ ಮಾಡುವವನು ಎಂಜಿನ್ನಿನ ಸದ್ದನ್ನು ಇದ್ದ ಹಾಗೆ ತೆಗೆಯುತ್ತಾನೆ. ಬ್ಲಾಂಕ್ ಅದಕ್ಕೆ ವಯಸ್ಸು, ಆಯಾಸ, ಹಟ ಮೂರನ್ನೂ ಕೊಟ್ಟರು.

ಹುಬ್ಬಳ್ಳಿ ಹುಡುಗ:
ಭಾವನವರ ಮಾತಿನಲ್ಲಿ ಸತ್ಯಾಂಶವಿದೆ ಎಂದೇ ನನ್ನ ಅಭಿಪ್ರಾಯ. ಅವರನ್ನು ಅಭಿಮಾನಿಗಳೇ 'ಸಾವಿರ ದನಿಗಳ ಮನುಷ್ಯ' ಎಂದು ಕರೆದರು. ದೊಡ್ಡ ನಟನನ್ನು ನಾವು ಎಷ್ಟು ಪಾತ್ರ ಮಾಡಿದ ಎಂದು ಎಣಿಸಿ ಹೊಗಳುತ್ತೇವೆಯೇ?

ಹಳೇ ರೇಡಿಯೊ:
@ಹುಬ್ಬಳ್ಳಿ ಹುಡುಗ, ಬಿರುದು ಕೊಟ್ಟವರ ತಪ್ಪನ್ನು ಬಿರುದು ಪಡೆದವರ ಮೇಲೆ ಹೊರಿಸಬೇಡಿ. ಅದೇ ಕಾರ್ಯಕ್ರಮದಲ್ಲಿ ಅವರು 1939ರಲ್ಲಿ ಆರಂಭಿಸಿದ್ದು ಒಂದು ಹಿಮಕರಡಿಯ ಗುರುಗುಟ್ಟುವಿಕೆಯಿಂದ. ಬೆನ್ನಿಯ ನೆಲಮಾಳಿಗೆಯಲ್ಲಿ ಕಾರ್ಮೈಕಲ್ ಎಂಬ ಕರಡಿ ಇದೆ ಎಂಬ ಕಲ್ಪನೆ. ತಿಂಗಳುಗಟ್ಟಲೆ ಬರೀ ಗುರುಗುಟ್ಟಿದ ಮೇಲೆ, 'ನನಗೆ ಮಾತನಾಡಲೂ ಬರುತ್ತದೆ' ಎಂದು ಅವರೇ ಹೋಗಿ ಬೆನ್ನಿಗೆ ಹೇಳಬೇಕಾಯಿತು. ಅಲ್ಲಿಂದ ಮುಂದೆ ಬೆನ್ನಿಯ ಪಿಟೀಲು ಕೇಳಿ ನರಳುವ ಸಂಗೀತದ ಮೇಷ್ಟ್ರು, ರೈಲು ನಿಲ್ದಾಣದ ಘೋಷಕ, ಒಂದೊಂದೇ ಪದದಲ್ಲಿ ಉತ್ತರಿಸುವ 'ಸೈ' ಎಂಬ ಮೆಕ್ಸಿಕನ್ ಹೀಗೆ ಪಾತ್ರಗಳು ಬೆಳೆದವು. ಆ 'ಸೈ' ಮಾತಾಡುವುದೇ ಮೂರು ನಾಲ್ಕು ಪದ. ಅಷ್ಟಕ್ಕೇ ಬೆನ್ನಿ ಎಂಬ ಪಳಗಿದ ಹಾಸ್ಯಗಾರ ನಗು ತಡೆಯಲಾರದೆ ತನ್ನ ಮಾತನ್ನೇ ಮರೆಯುತ್ತಿದ್ದರು. ಅಲ್ಲಿ ದನಿಯ ವೈವಿಧ್ಯವೇ ಇಲ್ಲ. ಇರುವುದು ಎಷ್ಟು ಹೊತ್ತು ಸುಮ್ಮನಿರಬೇಕೆಂಬ ಲೆಕ್ಕ ಮಾತ್ರ.

ಕರಾವಳಿ ಕೇಳುಗ:
ರಂಗಭೂಮಿಯ ಹಿರಿಯರೇ ಹೀಗೆ ಹೇಳಿದರೆ ಬೇಸರವಾಗುತ್ತದೆ. ನಮ್ಮ ಕಡೆ ತಾಳಮದ್ದಳೆ ಎಂಬುದಿದೆ. ವೇಷವಿಲ್ಲ, ಕುಣಿತವಿಲ್ಲ, ಬಣ್ಣವಿಲ್ಲ. ಪಂಚೆ ಶಲ್ಯದಲ್ಲಿ ಕುಳಿತ ಅರ್ಥಧಾರಿ ಬರಿಯ ಮಾತಿನಿಂದ ಕರ್ಣನನ್ನು ಎದುರಿಗೆ ತಂದು ನಿಲ್ಲಿಸುತ್ತಾನೆ. ಮಧ್ಯರಾತ್ರಿ ಎರಡು ಗಂಟೆಗೆ ದೇವಸ್ಥಾನದ ಚಾವಡಿಯಲ್ಲಿ ಕಣ್ಣು ಮುಚ್ಚಿ ಕುಳಿತು ಕೇಳಿದವನಿಗೆ ಕರ್ಣನ ಮುಖ ಕಂಡಿರುತ್ತದೆ. ಅದನ್ನು ಅಭಿನಯವಲ್ಲ ಎಂದು ಭಾವನವರು ಹೇಳುತ್ತಾರೆಯೇ? ದಯವಿಟ್ಟು ಕೇಳಿ ನೋಡಿ.

ಸಂಜೆಮಲ್ಲಿಗೆ:
ಕೇಳಿದೆ. ತಾಳಮದ್ದಳೆಯಲ್ಲಿ ಅರ್ಥಧಾರಿಯ ಮುಖ ಎದುರಿಗೆ ಕಾಣುತ್ತಿರುತ್ತದೆ, ಮಾತನ್ನು ಅವನೇ ಕಟ್ಟುತ್ತಾನೆ, ಆದ್ದರಿಂದ ಹೋಲಿಕೆ ಕೂಡುವುದಿಲ್ಲ ಎಂದರು. ಕಾರ್ಟೂನಿನಲ್ಲಿ ಚಿತ್ರ ಬರೆದವನೇ ಅಭಿನಯ ಮಾಡಿರುತ್ತಾನೆ, ದನಿ ಅದಕ್ಕೆ ಅಂಟಿಸಿದ ಲೇಪವಷ್ಟೇ ಎನ್ನುತ್ತಾರೆ.

ಕಂಠದಾನಿ:
ಇಲ್ಲಿಯೇ ಅವರು ಎಡವಿದ್ದಾರೆ. ನಾನು ಹದಿನಾಲ್ಕು ವರ್ಷಗಳಿಂದ ಬೆಂಗಳೂರಿನಲ್ಲಿ ಕಂಠದಾನ ಮಾಡುತ್ತಿರುವುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಾವು ಮಾಡುವ ಡಬ್ಬಿಂಗ್‌ನಲ್ಲಿ ಚಿತ್ರ ಮೊದಲೇ ಸಿದ್ಧವಾಗಿರುತ್ತದೆ. ಪರದೆಯ ಮೇಲೆ ತುಟಿ ಅಲುಗಾಡುತ್ತದೆ, ನಾವು ಅದರ ಅಳತೆಗೆ ಮಾತನ್ನು ಹೊಲಿದು ಕೂರಿಸುತ್ತೇವೆ. ಬ್ಲಾಂಕ್ ಕೆಲಸ ಮಾಡಿದ ಅಮೆರಿಕದ ಸ್ಟುಡಿಯೊಗಳಲ್ಲಿ ಪದ್ಧತಿ ಇದಕ್ಕೆ ತದ್ವಿರುದ್ಧ. ಅಲ್ಲಿ ಮಾತನ್ನು ಮೊದಲು ಮುದ್ರಿಸಿಕೊಂಡು, ಚಿತ್ರಗಾರರು ಅದನ್ನು ಮತ್ತೆ ಮತ್ತೆ ಕೇಳಿ, ಯಾವ ಉಸಿರಿನಲ್ಲಿ ಹುಬ್ಬು ಏರಬೇಕು, ಯಾವ ಅಕ್ಷರದಲ್ಲಿ ಕೊಕ್ಕು ತೆರೆಯಬೇಕು ಎಂದು ಲೆಕ್ಕ ಹಾಕಿ ಬರೆಯುತ್ತಿದ್ದರು. ಬ್ಲಾಂಕ್ ಮೈಕಿನ ಮುಂದೆ ನಿಂತಾಗ ಅವರ ಎದುರಿಗಿದ್ದದ್ದು ಕಥೆಯ ಕೆಲವು ರೇಖಾಚಿತ್ರಗಳು, ಸಂಭಾಷಣೆ ಮತ್ತು ನಿರ್ದೇಶಕ. ಚಲಿಸುವ ಬಾತುಕೋಳಿ ಇನ್ನೂ ಹುಟ್ಟಿರಲೇ ಇಲ್ಲ. ಆದ್ದರಿಂದ ಆ ಬಾತುಕೋಳಿಯ ಸಿಟ್ಟು ಮೊದಲು ಬ್ಲಾಂಕ್ ಅವರ ಗಂಟಲಿನಲ್ಲಿ ಹುಟ್ಟಿ, ಆಮೇಲೆ ಕಾಗದಕ್ಕೆ ಇಳಿಯಿತು.

ಇನ್ನೊಂದು ಮಾತು. ಮೈಕಿನ ಮುಂದೆ ನಿಂತವನ ದೇಹ ಸುಮ್ಮನಿರುತ್ತದೆ ಎಂದು ನೋಡದವರು ತಿಳಿಯುತ್ತಾರೆ. ಓಡುತ್ತ ಮಾತಾಡುವ ಪಾತ್ರಕ್ಕೆ ನಾನು ನಿಂತಲ್ಲೇ ಕಾಲು ಬಡಿಯುತ್ತೇನೆ. ಪೆಟ್ಟು ತಿನ್ನುವ ಮಾತಿಗೆ ಹೊಟ್ಟೆಯನ್ನು ಒಳಗೆಳೆದುಕೊಳ್ಳದಿದ್ದರೆ ಆ 'ಅಮ್ಮಾ' ಸುಳ್ಳಾಗಿ ಕೇಳಿಸುತ್ತದೆ. ಕಾಣದಿದ್ದ ಮಾತ್ರಕ್ಕೆ ಇಲ್ಲವೆಂದಲ್ಲ.

ಕಾಡುಪಾಪ:
ಹಾಗಿದ್ದರೆ ಬಗ್ಸ್ ಬನ್ನಿ ಕ್ಯಾರೆಟ್ ಕಡಿಯುವ ಸದ್ದು? ಅವರಿಗೆ ಕ್ಯಾರೆಟ್ ಅಂದರೆ ಅಲರ್ಜಿ ಇತ್ತಂತೆ, ಹೌದೇ?

ಹಳೇ ರೇಡಿಯೊ:
ಅಲರ್ಜಿ ಎಂಬುದು ಕಟ್ಟುಕಥೆ. ಕ್ಯಾರೆಟ್ ಬಾಯಲ್ಲಿದ್ದರೆ ಮುಂದಿನ ಮಾತು ಬರುವುದಿಲ್ಲ, ನುಂಗಲು ಸಮಯ ಸಾಲದು. ಬೇರೆ ತರಕಾರಿಗಳನ್ನು ಕಡಿದು ನೋಡಿದರು, ಕ್ಯಾರೆಟ್ಟಿನ ಸದ್ದು ಇನ್ನಾವುದಕ್ಕೂ ಬರಲಿಲ್ಲ. ಹಾಗಾಗಿ ಕಡಿದು, ಅಗಿದು, ಪಕ್ಕದಲ್ಲಿಟ್ಟ ಪಾತ್ರೆಗೆ ಉಗುಳಿ ಮುಂದಿನ ಸಾಲಿಗೆ ಹೋಗುತ್ತಿದ್ದರು.

ಹುಬ್ಬಳ್ಳಿ ಹುಡುಗ:
ಕಂಠದಾನಿಯವರ ಮಾತನ್ನು ಒಪ್ಪುತ್ತೇನೆ, ಆದರೆ ಒಂದು ಆಕ್ಷೇಪ ಉಳಿಯುತ್ತದೆ. ಡ್ಯಾಫಿ ಬಾತುಕೋಳಿ, ಟ್ವೀಟಿ ಹಕ್ಕಿ, ಸ್ಪೀಡಿ ಗೊನ್ಜಾಲೆಸ್ ಎಂಬ ಇಲಿ, ಇವುಗಳ ದನಿಯನ್ನು ಯಂತ್ರದಲ್ಲಿ ವೇಗ ಹೆಚ್ಚಿಸಿ ಕೀರಲು ಮಾಡಿದ್ದರಲ್ಲ? ಅರ್ಧ ಕೀರ್ತಿ ಮುದ್ರಣ ಯಂತ್ರಕ್ಕೂ ಸಲ್ಲಬೇಕಲ್ಲವೇ?

ಕಂಠದಾನಿ:
ವೇಗ ಹೆಚ್ಚಿಸಿದ್ದು ನಿಜ, ಅವರು ಅದನ್ನು ಮುಚ್ಚಿಟ್ಟವರೂ ಅಲ್ಲ. ಆದರೆ ಅದರಿಂದ ನಿಮ್ಮ ವಾದಕ್ಕಿಂತ ನನ್ನ ವಾದಕ್ಕೇ ಹೆಚ್ಚು ಬಲ ಬರುತ್ತದೆ. ಸಿಲ್ವೆಸ್ಟರ್ ಬೆಕ್ಕಿನ ದನಿಯೂ ಡ್ಯಾಫಿಯ ದನಿಯೂ ಮೂಲದಲ್ಲಿ ಒಂದೇ. ಅದೇ ಎಂಜಲು ಸಿಡಿಸುವ 'ಸ'ಕಾರ. ಬೆಕ್ಕಿನದನ್ನು ಹಾಗೆಯೇ ಬಿಟ್ಟರು, ಬಾತುಕೋಳಿಯದನ್ನು ವೇಗ ಹೆಚ್ಚಿಸಿ ಎತ್ತರಿಸಿದರು. ಯಂತ್ರ ಮಾಡಿದ್ದು ಅಷ್ಟೇ. ಆದರೆ ಎರಡನ್ನೂ ಕೇಳಿ ನೋಡಿ. ಬೆಕ್ಕು ತನ್ನನ್ನು ತಾನು ದೊಡ್ಡ ಬೇಟೆಗಾರನೆಂದು ನಂಬಿ, ಪ್ರತಿ ಸಲ ಮರ್ಯಾದೆ ಕಳೆದುಕೊಂಡು, ಮತ್ತೆ ಎದ್ದು ಮೈ ಕೊಡವಿಕೊಳ್ಳುತ್ತದೆ. ಬಾತುಕೋಳಿಗೆ ಹೊಟ್ಟೆಕಿಚ್ಚು, ದುರಾಸೆ, ತನಗೆ ಅನ್ಯಾಯವಾಗಿದೆ ಎಂಬ ಕೊರಗು. ಒಂದೇ ದನಿಯಲ್ಲಿ ಇಬ್ಬರು ಬೇರೆ ಬೇರೆ ಜನ ಬದುಕಿದ್ದಾರೆ ಎಂದರೆ, ಆ ವ್ಯತ್ಯಾಸವನ್ನು ತಂದದ್ದು ಯಂತ್ರವಂತೂ ಅಲ್ಲ.

ಇನ್ನು ವೇಗದ ವಿಷಯ. ಮುಂದೆ ವೇಗ ಹೆಚ್ಚಿಸುತ್ತಾರೆ ಎಂದು ಗೊತ್ತಿದ್ದಾಗ ಮೈಕಿನ ಮುಂದೆ ಅದಕ್ಕೆ ತಕ್ಕಂತೆ ನಿಧಾನವಾಗಿ, ಸ್ಪಷ್ಟವಾಗಿ ನುಡಿಯಬೇಕು. ನಗು ಬರಬೇಕಾದ ವಿರಾಮವನ್ನೂ ಅಷ್ಟೇ ಹಿಗ್ಗಿಸಿ ಕೊಡಬೇಕು. ನಾನು ಒಮ್ಮೆ ಪ್ರಯತ್ನಿಸಿದೆ. ವೇಗ ಹೆಚ್ಚಿಸಿದಾಗ ನನ್ನ ಮಾತು ಬರೀ ಚಿಲಿಪಿಲಿಯಾಗಿ ಕೇಳಿಸಿತು, ಹಾಸ್ಯವೆಲ್ಲ ಸತ್ತುಹೋಗಿತ್ತು.

ಕರಾವಳಿ ಕೇಳುಗ:
ತೊದಲುವ ಹಂದಿಯ ಕಥೆಯನ್ನೂ ಯಾರಾದರೂ ಹೇಳಿ. ಅದರಲ್ಲಿಯೇ ಭಾವನವರಿಗೆ ಉತ್ತರವಿದೆ.

ಹಳೇ ರೇಡಿಯೊ:
ಪೋರ್ಕಿ ಹಂದಿಗೆ ಮೊದಲು ದನಿ ಕೊಟ್ಟವರು ಜೋ ಡೌಘರ್ಟಿ ಎಂಬವರು. ಅವರಿಗೆ ನಿಜವಾಗಿಯೂ ಉಗ್ಗು ಇತ್ತು. ಅದು ಅವರ ಹಿಡಿತದಲ್ಲಿ ಇರಲಿಲ್ಲವಾದ್ದರಿಂದ ಒಂದು ಸಾಲು ಮುಗಿಯುವಷ್ಟರಲ್ಲಿ ಫಿಲ್ಮ್ ಖರ್ಚಾಗಿಹೋಗುತ್ತಿತ್ತು. 1937ರಲ್ಲಿ ಆ ಪಾತ್ರ ಬ್ಲಾಂಕ್ ಅವರಿಗೆ ಬಂತು. ಹಂದಿ ಮಾತನಾಡಿದರೆ ಅದರ ಗುಟುರಿನಲ್ಲೇ ಮಾತನಾಡೀತು ಎಂದು ಯೋಚಿಸಿ, ಆ ಗುಟುರನ್ನೇ ಉಗ್ಗಾಗಿ ಮಾಡಿಕೊಂಡೆ ಎಂದು ಅವರು ಹೇಳಿಕೊಂಡಿದ್ದರು. ಪೋರ್ಕಿ ಒಂದು ಪದವನ್ನು ಹೇಳಲಾರದೆ ಮೂರು ಸಲ ಮುಗ್ಗರಿಸಿ, ಕೊನೆಗೆ ಅದನ್ನು ಬಿಟ್ಟು ಬೇರೆ ಸುಲಭದ ಪದ ಹುಡುಕಿಕೊಳ್ಳುತ್ತಾನಲ್ಲ, ಆ ಬೇರೆ ಪದವೇ ಹಾಸ್ಯದ ಗುಟ್ಟು. ನಗು ಬರುವುದು ಅವನ ಜಾಣ್ಮೆಗೆ, ಉಗ್ಗಿಗಲ್ಲ. ಉಗ್ಗು ಇರುವ ತಮ್ಮನೊಡನೆ ಬೆಳೆದ ನನಗೆ ಈ ವ್ಯತ್ಯಾಸ ಬಹಳ ಮುಖ್ಯವಾದದ್ದು.

ಪೋರ್ಟ್‌ಲ್ಯಾಂಡ್ ಕನ್ನಡಿಗ:
ಅವರು ಬೆಳೆದ ಊರಿನಲ್ಲೇ ಇರುವುದರಿಂದ ಈ ಚರ್ಚೆ ಕಂಡು ಸಂತೋಷವಾಯಿತು. ಅವರ ಹುಟ್ಟಿನ ಉಪನಾಮದ ಕೊನೆಯಲ್ಲಿ 'ಕೆ' ಅಕ್ಷರವಿತ್ತು, ಅಂದರೆ 'ಖಾಲಿ' ಎಂಬ ಅರ್ಥದ ಪದ. ನೀನೂ ನಿನ್ನ ಹೆಸರಿನಂತೆಯೇ ಖಾಲಿ, ಏನೂ ಆಗಲಾರೆ ಎಂದು ಶಾಲೆಯ ಶಿಕ್ಷಕಿಯೊಬ್ಬರು ಹಳಿದರಂತೆ. ಹುಡುಗ ಆ ಅಕ್ಷರವನ್ನೇ ಬದಲಿಸಿಕೊಂಡ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ, ಇಂಗ್ಲಿಷಿನಲ್ಲಿ ಮಾತ್ರ ಆ ಗಾಯ ಕಾಣುತ್ತದೆ.

ಎಲ್ಲರೂ ಮರೆತಿರುವ ದೊಡ್ಡ ಸಾಕ್ಷ್ಯವನ್ನು ಈಗ ಹೇಳುತ್ತೇನೆ. 1951ರಲ್ಲಿ ಚಕ್ ಜೋನ್ಸ್ ನಿರ್ದೇಶಿಸಿದ 'ರ್‍ಯಾಬಿಟ್ ಫೈರ್' ನೋಡಿ. ಬೇಟೆಗಾರನ ಕೋವಿಯ ಮುಂದೆ ಇದು ಮೊಲದ ಬೇಟೆಯ ಋತುವೋ ಬಾತುಕೋಳಿಯ ಬೇಟೆಯ ಋತುವೋ ಎಂದು ಬಗ್ಸ್‌ಗೂ ಡ್ಯಾಫಿಗೂ ಜಗಳ. ಒಂದು ಹಂತದಲ್ಲಿ ಡ್ಯಾಫಿ ಮೊಲದ ವೇಷ ಹಾಕಿ ಬಗ್ಸ್‌ನಂತೆ ಮಾತಾಡುತ್ತಾನೆ, ಬಗ್ಸ್ ಬಾತುಕೋಳಿಯ ವೇಷ ಹಾಕಿ ಡ್ಯಾಫಿಯಂತೆ ಮಾತಾಡುತ್ತಾನೆ. ಎರಡೂ ದನಿಗಳ ಒಡೆಯ ಬ್ಲಾಂಕ್ ಒಬ್ಬರೇ ಆದ್ದರಿಂದ, ಮೊಲದ ವೇಷಕ್ಕೆ ಬಗ್ಸ್‌ನ ಅಸಲಿ ದನಿಯನ್ನೇ ಹಾಕಿಬಿಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ನಮಗೆ ಕೇಳಿಸುವುದು ಬಗ್ಸ್‌ನನ್ನು ಅಣಕಿಸುತ್ತಿರುವ ಡ್ಯಾಫಿ. ಅಡಿಯಲ್ಲಿ ಅವನ ಅಸಹನೆ ಹಾಗೇ ಇದೆ. ಮಿಮಿಕ್ರಿಯೇ ಅವರ ಗುರಿಯಾಗಿದ್ದರೆ ಅನುಕರಣೆ ಪರಿಪೂರ್ಣವಾಗಿರುತ್ತಿತ್ತು. ಪಾತ್ರ ಉಳಿಯಬೇಕಿತ್ತು, ಆದ್ದರಿಂದ ಅನುಕರಣೆಯನ್ನು ಬೇಕೆಂದೇ ಅರೆಬರೆಯಾಗಿ ಉಳಿಸಿದರು.

ಹುಬ್ಬಳ್ಳಿ ಹುಡುಗ:
ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ನನ್ನ ಅಭಿಪ್ರಾಯವನ್ನು ಬದಲಿಸಿಕೊಂಡಿದ್ದೇನೆ.

ಕಾಡುಪಾಪ:
ಬೇಟೆಗಾರ ಎಲ್ಮರ್ ಫಡ್ ದನಿಯೂ ಅವರದ್ದೇ ಅಲ್ಲವೇ? ಅಂದರೆ ಮೂವರೂ ಒಬ್ಬರೇ!

ಹಳೇ ರೇಡಿಯೊ:
ಅಲ್ಲ. ಇದು ಎಲ್ಲ ಕಡೆ ಹಬ್ಬಿರುವ ತಪ್ಪು, ದಯವಿಟ್ಟು ತಿದ್ದಿಕೊಳ್ಳಿ. ಎಲ್ಮರ್ ಫಡ್‌ಗೆ ದನಿ ಕೊಟ್ಟವರು ಆರ್ಥರ್ ಕ್ಯೂ. ಬ್ರಯನ್, 1959ರಲ್ಲಿ ಅವರು ತೀರಿಕೊಳ್ಳುವವರೆಗೂ. ಆಮೇಲೆ ಬ್ಲಾಂಕ್ ಕೆಲವೊಮ್ಮೆ ಆ ದನಿಯನ್ನು ಮಾಡಿದ್ದುಂಟು. ಟ್ವೀಟಿಯನ್ನು ಸಾಕಿದ ಅಜ್ಜಿಯ ದನಿ ಮೊದಲು ಬೀ ಬೆನಡೆರೆಟ್, ನಂತರ ಜೂನ್ ಫೋರೆ ಅವರದ್ದು. ಇವರ ಹೆಸರು ಪರದೆಯ ಮೇಲೆ ಬರುತ್ತಿರಲಿಲ್ಲ. ಬ್ಲಾಂಕ್ ಸಂಬಳ ಹೆಚ್ಚಿಸಲು ಕೇಳಿದಾಗ ನಿರ್ಮಾಪಕ ಲಿಯಾನ್ ಶ್ಲೆಸಿಂಜರ್ ಹಣ ಕೊಡಲೊಪ್ಪದೆ, ಬದಲಿಗೆ ಪರದೆಯ ಮೇಲೆ ಹೆಸರು ಕೊಟ್ಟರು. 1944ರಿಂದ ಬ್ಲಾಂಕ್ ಹೆಸರು ಕಾಣಿಸತೊಡಗಿತು, ಉಳಿದವರದ್ದು ಕಾಣಿಸಲಿಲ್ಲ. ನೋಡುಗರು ಎಲ್ಲ ದನಿಯೂ ಅವರದ್ದೇ ಎಂದು ತಿಳಿದರು.

ಕಂಠದಾನಿ:
ಈ ವಿಷಯ ಬಂದಾಗ ನನಗೆ ಸುಮ್ಮನಿರಲಾಗುವುದಿಲ್ಲ. 2009ರಲ್ಲಿ ಕನ್ನಡದಲ್ಲಿ ಮಕ್ಕಳಿಗೆಂದೇ ಚಿಂಟು ಟಿವಿ ಆರಂಭವಾದ ಮೇಲೆ ಕಾರ್ಟೂನುಗಳಿಗೆ ಕನ್ನಡದ ದನಿ ಬೇಕಾಯಿತು, ನನ್ನಂಥವರು ಈ ಕೆಲಸಕ್ಕೆ ಬರಲು ದಾರಿಯಾಯಿತು. ನಾನು ಒಂದು ಸರಣಿಗೆ, ಅದರ ಹೆಸರು ಬೇಡ, ಮುದಿ ರಾಜ, ಅವನ ಗಿಳಿ, ಕಾವಲುಗಾರ ಮೂರೂ ದನಿ ಕೊಟ್ಟೆ. ಕೊನೆಯಲ್ಲಿ ತಂತ್ರಜ್ಞರ ಹೆಸರುಗಳೆಲ್ಲ ಬಂದವು, ದನಿ ಕೊಟ್ಟ ಒಬ್ಬರ ಹೆಸರೂ ಇರಲಿಲ್ಲ. ಕೇಳಿದರೆ, 'ಮಕ್ಕಳು ಹೆಸರು ಓದುವುದಿಲ್ಲ' ಎಂದರು. ಶ್ಲೆಸಿಂಜರ್ ಹಣ ಉಳಿಸಲು ಹೆಸರು ಕೊಟ್ಟರು, ನಮಗೆ ಎರಡೂ ಇಲ್ಲ. ಆದರೂ ಬ್ಲಾಂಕ್ ಅವರ ಹೆಸರು ಮಾತ್ರ ಬಂದದ್ದು ಬ್ರಯನ್ ಅವರಿಗೆ ಆದ ಅನ್ಯಾಯ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಕಾನೂನು ವಿದ್ಯಾರ್ಥಿ:
ದನಿಯ ಹಕ್ಕಿನ ಬಗ್ಗೆ ಅವರದ್ದೇ ಒಂದು ಮೊಕದ್ದಮೆ ಇದೆ. 1940ರಲ್ಲಿ ವಾಲ್ಟರ್ ಲ್ಯಾಂಟ್ಜ್ ಅವರ ವುಡಿ ವುಡ್‌ಪೆಕರ್ ಎಂಬ ಮರಕುಟಿಗನಿಗೆ ಮೊದಲ ದನಿ ಬ್ಲಾಂಕ್ ಅವರದ್ದು. ಆ ಕೇಕೆ ಹಾಕುವ ನಗೆಯೂ ಅವರದ್ದೇ. ಬಗ್ಸ್ ಬನ್ನಿಯನ್ನು ಹೊರತಂದ ವಾರ್ನರ್ ಸಂಸ್ಥೆಯ ಕಾರ್ಟೂನುಗಳಿಗೆ ಮಾತ್ರ ದುಡಿಯುವ ಕರಾರಿಗೆ ಸಹಿ ಹಾಕಿದ ಮೇಲೆ ಆ ಪಾತ್ರವನ್ನು ಬಿಡಬೇಕಾಯಿತು. ಆದರೆ ಅವರ ನಗು ಅಲ್ಲಿಯೇ ಉಳಿದು ಬಳಕೆಯಾಗುತ್ತಲೇ ಹೋಯಿತು. ಅವರು ದಾವೆ ಹೂಡಿದರು, 1949ರಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯದಲ್ಲಿ ಸೋತರು. ಒಮ್ಮೆ ಸಾರ್ವಜನಿಕವಾಗಿ ಬಿಡುಗಡೆಯಾದ ನಗೆಯ ಮೇಲೆ ಹಕ್ಕು ಉಳಿಯುವುದಿಲ್ಲ ಎಂಬುದು ತೀರ್ಪಿನ ತಿರುಳು. ಇಂದು ಯಂತ್ರವೇ ಮನುಷ್ಯನ ದನಿಯನ್ನು ಕಲಿತು ಮಾತನಾಡುವಾಗ, ಕಂಠದಾನಿಯವರಂಥವರು ಕರಾರನ್ನು ಸಾಲು ಸಾಲಾಗಿ ಓದಿ ಸಹಿ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ.

ಕರಾವಳಿ ಕೇಳುಗ:
ಅಪಘಾತದ ಸಂಗತಿಯನ್ನು ಯಾರೂ ಹೇಳಲಿಲ್ಲ. ಪ್ರಜ್ಞೆಯೇ ಇಲ್ಲದಾಗಲೂ ಬಗ್ಸ್ ಬನ್ನಿ ಆಗಿ ಉತ್ತರಿಸಿದ ಮನುಷ್ಯ ಅವರು. ಪಾತ್ರವೇ ಅವರ ಜೀವ ಉಳಿಸಿತು.

ಪೋರ್ಟ್‌ಲ್ಯಾಂಡ್ ಕನ್ನಡಿಗ:
ಸಂಗತಿ ನಿಜ, ಕೊನೆಯ ವಾಕ್ಯವನ್ನು ಮಾತ್ರ ನಾನು ಒಪ್ಪಲಾರೆ. 1961ರ ಜನವರಿ 24ರಂದು ಲಾಸ್ ಏಂಜಲೀಸ್‌ನ ಸನ್‌ಸೆಟ್ ಬುಲೆವಾರ್ಡ್‌ನ ಅಪಾಯಕಾರಿ ತಿರುವಿನಲ್ಲಿ ಎದುರಿನಿಂದ ಬಂದ ಕಾರು ಅವರ ಕಾರಿಗೆ ಗುದ್ದಿತು. ತಲೆಬುರುಡೆ, ಸೊಂಟ, ಎರಡೂ ಕಾಲು ಮುರಿದವು. ಸುಮಾರು ಎರಡು ವಾರ ಅವರು ಕೋಮಾದಲ್ಲಿದ್ದರು. ಹೆಂಡತಿ, ಮಗ ಎಷ್ಟು ಮಾತನಾಡಿಸಿದರೂ ಉತ್ತರವಿಲ್ಲ. ಒಂದು ದಿನ ವೈದ್ಯರು, 'ಬಗ್ಸ್ ಬನ್ನಿ, ಇವತ್ತು ಹೇಗಿದ್ದೀಯ?' ಎಂದು ಕೇಳಿದರು. ಸ್ವಲ್ಪ ಹೊತ್ತಿನ ಮೇಲೆ ಹಾಸಿಗೆಯಿಂದ ಮೊಲದ ದನಿಯಲ್ಲಿ ಕ್ಷೀಣವಾದ ಉತ್ತರ ಬಂತು. ಟ್ವೀಟಿಯನ್ನು ಕರೆದರು, ಟ್ವೀಟಿಯೂ ಓಗೊಟ್ಟಿತು. ಜೀವ ಉಳಿಸಿದ್ದು ಶಸ್ತ್ರಚಿಕಿತ್ಸೆ ಮತ್ತು ಶುಶ್ರೂಷೆ. ಆದರೆ ಇಪ್ಪತ್ತು ವರ್ಷ ಬಗ್ಸ್ ಆಗಿ ಮಾತಾಡಿದವರಿಗೆ ಆ ದನಿ ತಮ್ಮ ಸ್ವಂತ ದನಿಗಿಂತ ಆಳದಲ್ಲಿ ಬೇರೂರಿತ್ತು ಎಂದು ಮಾತ್ರ ನಾನು ಹೇಳಬಲ್ಲೆ.

ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ಅದರ ಮುಂದಿನ ಭಾಗ. ಆಗ ಅವರು 'ದಿ ಫ್ಲಿಂಟ್‌ಸ್ಟೋನ್ಸ್' ಎಂಬ ಟಿವಿ ಕಾರ್ಟೂನ್ ಸರಣಿಯಲ್ಲಿ ಬಾರ್ನಿ ರಬಲ್ ಪಾತ್ರಕ್ಕೆ ದನಿ ಕೊಡುತ್ತಿದ್ದರು. ಕೆಲವು ಕಂತುಗಳನ್ನು ಡಾಸ್ ಬಟ್ಲರ್ ನಿಭಾಯಿಸಿದರು. ಆಮೇಲೆ ಬ್ಲಾಂಕ್ ಮೈಯೆಲ್ಲ ಪ್ಲಾಸ್ಟರ್‌ನಲ್ಲಿ ಅಂಗಾತ ಮಲಗಿದ್ದಾಗಲೇ, ಹಾಸಿಗೆಯ ಮೇಲೆ ಮೈಕು ತೂಗುಹಾಕಿ, ಸಹಕಲಾವಿದರು ಸುತ್ತ ನಿಂತು ಮುದ್ರಣ ಮುಂದುವರಿಸಿದರು. ಆ ಕಂತುಗಳಲ್ಲಿ ಬಾರ್ನಿ ನಗುವಾಗ, ಆ ನಗೆಯ ಹಿಂದೆ ಕದಲಲಾಗದ ದೇಹವಿದೆ ಎಂದು ಯಾರಿಗೂ ತಿಳಿಯುವುದಿಲ್ಲ.

ಕಂಠದಾನಿ:
ಅಂಗಾತ ಮಲಗಿ ಹೊಟ್ಟೆಯಿಂದ ನಗು ತರುವುದು ಎಷ್ಟು ಕಷ್ಟ ಎಂದು ಇಂದು ಮಧ್ಯಾಹ್ನ ಮಲಗಿ ಪ್ರಯತ್ನಿಸಿದೆ. ನನ್ನಿಂದ ಆಗಲಿಲ್ಲ.

ಕಾಡುಪಾಪ:
ಕೊನೆಯವರೆಗೂ ಅವರೇ ಎಲ್ಲ ದನಿಗಳನ್ನೂ ಮಾಡಿದರೇ?

ಹಳೇ ರೇಡಿಯೊ:
ಬಹುಪಾಲು. 1988ರ 'ಹೂ ಫ್ರೇಮ್ಡ್ ರೋಜರ್ ರ್‍ಯಾಬಿಟ್' ಚಿತ್ರದಲ್ಲಿ ಎಂಬತ್ತರ ವಯಸ್ಸಿನಲ್ಲಿ ಬಗ್ಸ್, ಡ್ಯಾಫಿ, ಪೋರ್ಕಿ, ಟ್ವೀಟಿ, ಸಿಲ್ವೆಸ್ಟರ್ ಅವರೇ. ಆದರೆ ಯೊಸೆಮಿಟಿ ಸ್ಯಾಮ್ ಎಂಬ ದಪ್ಪ ಮೀಸೆಯವನ ಅರಚಾಟವನ್ನು ಜೋ ಅಲಾಸ್ಕಿ ಎಂಬ ಕಿರಿಯರಿಗೆ ಬಿಟ್ಟುಕೊಟ್ಟರು. ಆ ಅರಚಾಟ ಹರೆಯದಲ್ಲೂ ಅವರ ಗಂಟಲನ್ನು ಹಿಂಡುತ್ತಿತ್ತು. ದಶಕಗಟ್ಟಲೆ ಸಿಗರೇಟು ಸೇದಿದ ಶ್ವಾಸಕೋಶವೂ ಸೋತಿತ್ತು. 1989ರ ಜುಲೈ 10ರಂದು ತೀರಿಕೊಂಡರು.

ಸಂಜೆಮಲ್ಲಿಗೆ:
ಎಲ್ಲರಿಗೂ ಧನ್ಯವಾದ. ಇಂದು ಸಂಜೆ ನಡೆದದ್ದನ್ನು ಹೇಳಬೇಕು. ಪೋರ್ಟ್‌ಲ್ಯಾಂಡ್ ಕನ್ನಡಿಗರು ಹೇಳಿದ 1951ರ ಆ ಕಾರ್ಟೂನನ್ನು ಹಾಕಿ, ವೇಷ ಬದಲಿಸುವ ಭಾಗ ಬರುತ್ತಲೇ ಟಿವಿಯ ಮೇಲೆ ಸ್ನಾನದ ಟವೆಲ್ ಇಳಿಬಿಟ್ಟು, ಭಾವನಿಗೂ ಮಗಳಿಗೂ ದನಿಯನ್ನು ಮಾತ್ರ ಕೇಳಿಸಿದೆ. ಅವಳು ಇದನ್ನು ಮೊದಲು ನೋಡಿರಲಿಲ್ಲ. ಮೊಲದ ಮಾತು ಕೇಳಿಸಿತು. ಅವಳು ತಲೆಯನ್ನು ಒಂದು ಕಡೆಗೆ ವಾಲಿಸಿ ಕೇಳಿ, 'ಇದು ಮೊಲ ಅಲ್ಲ, ಬಾತುಕೋಳಿ ಸುಳ್ಳು ಹೇಳ್ತಿದೆ' ಎಂದಳು. ಭಾವ ಟವೆಲ್ ತೆಗೆದು ನೋಡಿದರು, ಮತ್ತೆ ಮುಚ್ಚಿದರು, ಇನ್ನೊಮ್ಮೆ ಹಾಕು ಎಂದರು. ನಾಲ್ಕು ಸಲ ಹಾಕಿಸಿದರು. ಒಪ್ಪಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ.

ಆಮೇಲೆ ಮಗಳು ಆರಂಭದ ಹೆಸರುಗಳಲ್ಲಿ ನಿಲ್ಲಿಸಲು ಹೇಳಿ ಬ್ಲಾಂಕ್ ಅವರ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದಳು. ಕೋವಿ ಹಿಡಿದವನ ಹೆಸರು ಎಲ್ಲಿ ಎಂದು ಕೇಳಿದಳು. ಆರ್ಥರ್ ಕ್ಯೂ. ಬ್ರಯನ್ ಎಂದು ಹೇಳಿದೆ. ಅದನ್ನು ತನ್ನ ಚಿತ್ರದ ಪುಸ್ತಕದಲ್ಲಿ ಬೇಟೆಗಾರನ ಪಕ್ಕದಲ್ಲಿ ಬರೆದುಕೊಂಡಿದ್ದಾಳೆ.